ನಮ್ಮೂರ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಹೇಳೋದು ಹೇಗೆ: ಕೊಡಗಲ್ಲಿ ಮಾಡಿ ಕಲಿತದ್ದು

ನಿಮ್ಮೂರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಏನಾದ್ರೂ ಮಾಡ್ಬೇಕು ಅಂತ ಮನಸಲ್ಲಿದ್ರೆ ದಯವಿಟ್ಟು ಮೊದಲ ದಿನಾನೇ ಕ್ಯಾಂಪಿಗೆ ಡೇಟ್ ಫಿಕ್ಸ್ ಮಾಡಿ ಬ್ಯಾನರ್ ಪ್ರಿಂಟಿಗೆ ಕೊಡ್ಬೇಡಿ. ನಾವು ಹಾಗೇ ಮಾಡಿದ್ವಿ. ಶಾಮಿಯಾನ, ಮೈಕು, ಉಪ್ಪಿಟ್ಟು, ಕಾಫಿ ಎಲ್ಲ ಇತ್ತು, ಪಿಎಸ್‌ಎ ಟೆಸ್ಟಿಗೆ, ಅಂದ್ರೆ ಪ್ರಾಸ್ಟೇಟ್ ತಯಾರಿಸೋ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ಟೆಸ್ಟಿಗೆ, ಮೂವತ್ತು ನಲವತ್ತು ಜನರ ರಕ್ತ ತೆಗೆದ್ರು, ಕೆಲವು ದಿನ ಬಿಟ್ಟು ರಿಪೋರ್ಟ್ ಬಂತು, ಐದಾರು ಜನರದ್ದು ಜಾಸ್ತಿ ಇತ್ತು, ಅವರೆಲ್ಲ ಪೇಪರ್ ಹಿಡ್ಕೊಂಡು ನಮ್ಮನೆ ಜಗಲಿಗೆ ಬಂದು ಈಗ ಎಲ್ಲಿಗೆ ಹೋಗೋದು ಯಾರನ್ನ ನೋಡೋದು ಅಂತ ಕೇಳಿದಾಗ ನಮ್ಮ ಹತ್ರ ಉತ್ತರಾನೇ ಇರ್ಲಿಲ್ಲ. ಒಬ್ಬರು ಎರಡು ವಾರ ನಿದ್ದೆ ಬಿಟ್ರು, ಆಮೇಲೆ ನೋಡಿದ್ರೆ ಬರೀ ಮೂತ್ರದ ಇನ್‌ಫೆಕ್ಷನ್. ಇನ್ನೊಬ್ಬರು ರಿಪೋರ್ಟನ್ನ ಮಡಚಿ ಗೋಡೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಕಾಫಿ ಕುಯ್ಲು ಮುಗೀಲಿ ಆಮೇಲೆ ನೋಡೋಣ ಅಂತ ಸುಮ್ನಾದ್ರು, ಎಲ್ಲರಿಗಿಂತ ಮೊದಲು ಹೋಗ್ಬೇಕಾಗಿದ್ದವರು ಅವರೇ. ನಾಲ್ಕು ತಿಂಗಳು ಹಾಗೇ ಹೋಯ್ತು. ಆವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದು ಇಷ್ಟೇ, ಹಿಂದಿನಿಂದ ಶುರು ಮಾಡಿ. ರಿಪೋರ್ಟ್ ಜಾಸ್ತಿ ಬಂದವರು ಮಾರನೇ ದಿನ ಯಾವ ಬಸ್ ಹತ್ತಬೇಕು ಅನ್ನೋದು ನಿಮಗೆ ಗೊತ್ತಾದ ಮೇಲೆ ಮೈಕ್ ಹಿಡೀರಿ.

ಮೊದಲು ದಾರಿ ರೆಡಿ ಮಾಡಿ

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ರ ಹೋಗಿ ಕೂತ್ಕೊಂಡು ಮಾತಾಡಿ, ಆಶಾ ಕಾರ್ಯಕರ್ತೆಯನ್ನೂ ಕರ್ಕೊಂಡು ಹೋಗಿ. ಒಂದು ವಿಷಯ ತಿಳ್ಕೊಂಡಿರಿ, ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ನೋಡೋದು ಬಾಯಿ, ಸ್ತನ, ಗರ್ಭಕೋಶದ ಕಂಠ, ಈ ಮೂರು. ಪ್ರಾಸ್ಟೇಟ್ ಅದ್ರಲ್ಲಿ ಇಲ್ಲ. ಹಾಗಾಗಿ ಆಶಾ ಅಕ್ಕಂದಿರು ಮನೆಮನೆಗೆ ಬಂದಾಗ ಇದನ್ನ ತಾವಾಗೇ ಕೇಳಲ್ಲ, ಅದು ಅವರ ತಪ್ಪಲ್ಲ, ಅದಕ್ಕೇ ಊರಿನವರು ಮಾತಾಡ್ಬೇಕಾಗಿರೋದು.

ಆಮೇಲೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ, ಅದೇ ನಮ್ಮ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ, ಯೂರಾಲಜಿ (ಮೂತ್ರಾಂಗದ) ಡಾಕ್ಟರ್ ಯಾವ ದಿನ ಸಿಗ್ತಾರೆ, ಸಿಗಲ್ಲ ಅಂದ್ರೆ ಯಾರು ನೋಡ್ತಾರೆ, ಚೀಟಿ ಎಷ್ಟು ಗಂಟೆವರೆಗೆ ಕೊಡ್ತಾರೆ ಅಂತ ಕೇಳಿ ಬರ್ಕೊಳ್ಳಿ. ಅಲ್ಲಿಂದ ಮುಂದೆ ಅಂದ್ರೆ ಮೈಸೂರು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಕ್ಯಾನ್ಸರ್ ಆಸ್ಪತ್ರೆ, ಆದ್ರೆ ಅಲ್ಲಿಗೆ ಹೋಗೋಕೆ ರಾತ್ರಿ ಬಸ್ಸು, ಜೊತೆಗೆ ಒಬ್ಬರು, ಉಳ್ಕೊಳ್ಳೋ ಜಾಗ ಇವೆಲ್ಲ ಬೇಕು. ನೀವೇ ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ, ಯಾವ ಗೇಟು, ಯಾವ ಕೌಂಟರ್ ಅಂತ. ನಾನು ಹೋಗಿ ಬಂದ್ಮೇಲೇ ಗೊತ್ತಾಗಿದ್ದು, ಒಬ್ಬ ಅರವತ್ತೈದು ವರ್ಷದ ರೈತ ಒಬ್ಬನೇ ಅಲ್ಲಿ ನಿಂತ್ರೆ ಅರ್ಧಕ್ಕೇ ವಾಪಸ್ ಬಂದುಬಿಡ್ತಾನೆ ಅಂತ.

ದುಡ್ಡಿನ ವಿಷಯ ಮೊದಲೇ ಬಾಯ್ಬಿಟ್ಟು ಹೇಳ್ಬೇಕು, ಯಾಕಂದ್ರೆ ಜನ ಟೆಸ್ಟಿಗೆ ಹೆದರೋದಕ್ಕಿಂತ ತೋಟ ಮಾರ್ಬೇಕಾಗುತ್ತೇನೋ ಅಂತ ಹೆದರ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಖಾಸಗಿ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಚೀಟಿ ಇಲ್ದೆ ನೇರ ಮೈಸೂರಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಪರದಾಡಿದವರನ್ನ ನೋಡಿದ್ದೀನಿ. ರೇಷನ್ ಕಾರ್ಡ್, ಆಧಾರ್ ಎರಡರ ಜೆರಾಕ್ಸ್ ನಾಲ್ಕು ನಾಲ್ಕು ಮಾಡಿಸಿ ಒಂದು ಕವರಿಗೆ ಹಾಕಿಡೋಕೆ ಹೇಳಿ. ನಮ್ಮಲ್ಲಿ ಮನೆಗೊಬ್ಬರು ಮಿಲಿಟರಿಯಿಂದ ಬಂದವರು ಸಿಗ್ತಾರೆ, ಅವರಿಗೆ 2003ರಿಂದ ಇಸಿಎಚ್‌ಎಸ್ ಅನ್ನೋ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, ಅದ್ರಲ್ಲಿ ನೋಂದಣಿ ಆಗಿರೋ ಪಿಂಚಣಿದಾರರು ಆ ಪಾಲಿಕ್ಲಿನಿಕ್ಕಿನ ಮೂಲಕ ಹೋಗ್ಬಹುದು. ಕಾರ್ಡ್ ಪೆಟ್ಟಿಗೆಯಲ್ಲಿ ಇಟ್ಕೊಂಡು ಮರೆತವರೂ ಇದ್ದಾರೆ, ಕೇಳಿ.

ಇಷ್ಟನ್ನೂ ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ, ಬಸ್ ಟೈಮ್ ಸಮೇತ ಬರೀರಿ. ಈ ಹಾಳೆ ಆದ್ರೆ ಅರ್ಧ ಕೆಲಸ ಆದಂಗೆ.

ಏನು ಹೇಳ್ಬೇಕು, ಯಾವ ಮಾತಲ್ಲಿ

ನಮ್ಮ ದೊಡ್ಡಪ್ಪಂಗೆ ಬೆನ್ನು ನೋವು ಅಂತ ಶುರುವಾಗಿದ್ದು. ಕಾಫಿ ಮೂಟೆ ಹೊತ್ತು ಹೊತ್ತು ಬಂದಿರೋದು ಅಂತ ಅವರೂ ಅಂದ್ಕೊಂಡ್ರು ನಾವೂ ಅಂದ್ಕೊಂಡ್ವಿ, ಎಣ್ಣೆ ತಿಕ್ಕಿದ್ದು, ಬಿಸಿ ನೀರು ಹೊಯ್ದಿದ್ದು, ಬೆಲ್ಟ್ ಕಟ್ಟಿದ್ದು, ಒಂದೂವರೆ ವರ್ಷ ಹೀಗೇ ಹೋಯ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪ್ರಾಸ್ಟೇಟಿಂದ ಬೆನ್ನು ಮೂಳೆಗೆ ಹೋಗಿತ್ತು. ಇಂಜೆಕ್ಷನ್ ಕೊಟ್ಟು ಕೆಲವು ವರ್ಷ ಉಳಿಸ್ಕೊಂಡ್ರು, ವಾಸಿ ಮಾಡೋ ಕಾಲ ಮಾತ್ರ ದಾಟಿತ್ತು. ಈ ಕತೆ ಹೇಳಿದಾಗೆಲ್ಲ ಸಭೆಯಲ್ಲಿ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, ಅಷ್ಟು ದಿನ ಉಚ್ಚೆ ಹೊಯ್ಯೋಕೆ ತೊಂದರೆ ಇರ್ಲಿಲ್ವಾ ಅಂತ. ಇರ್ಲಿಲ್ಲ. ಅದನ್ನೇ ಜನಕ್ಕೆ ಅರ್ಥ ಮಾಡಿಸ್ಬೇಕಾಗಿರೋದು.

ಪ್ರಾಸ್ಟೇಟ್ ಅನ್ನೋದು ಒಂದು ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರಂಥಿ, ಮೂತ್ರಚೀಲದ ಕೆಳಗೆ, ಮೂತ್ರದ ಕೊಳವೆಯನ್ನ ಸುತ್ತಿಕೊಂಡಿರುತ್ತೆ, ವೀರ್ಯದ ಒಂದು ಭಾಗ ತಯಾರಾಗೋದು ಇಲ್ಲೇ. ವಯಸ್ಸಾದಂತೆ ಕೊಳವೆಗೆ ಅಂಟಿಕೊಂಡಿರೋ ಒಳಭಾಗ ದಪ್ಪ ಆಗುತ್ತೆ, ಸ್ಪ್ರಿಂಕ್ಲರ್ ಪೈಪನ್ನ ಯಾರೋ ಕಾಲಲ್ಲಿ ಅದುಮಿ ಹಿಡಿದಂಗೆ, ಧಾರೆ ಸಣ್ಣ ಆಗುತ್ತೆ, ರಾತ್ರಿ ಮೂರು ನಾಲ್ಕು ಸಲ ಏಳ್ಬೇಕಾಗುತ್ತೆ. ಇದು ಹೆಚ್ಚಿನವರಿಗೆ ಬರೋ ವಯಸ್ಸಿನ ತೊಂದರೆ, ಕ್ಯಾನ್ಸರ್ ಅಲ್ಲ, ಇದಕ್ಕೆ ಮಾತ್ರೆ ಇದೆ. ಕ್ಯಾನ್ಸರ್ ಹೆಚ್ಚಾಗಿ ಶುರುವಾಗೋದು ಗ್ರಂಥಿಯ ಹೊರಭಾಗದಲ್ಲಿ, ಹಿಂಬದಿಗೆ, ಪೈಪಿಂದ ದೂರ. ಅಲ್ಲಿ ಸಣ್ಣದಾಗಿ ಬೆಳೀತಾ ಇದ್ರೆ ಧಾರೆಗೆ ಏನೂ ಆಗಲ್ಲ, ನೋವೂ ಇಲ್ಲ. ತೊಂದರೆ ಬರ್ಲಿ ಆಮೇಲೆ ನೋಡೋಣ ಅಂದ್ರೆ ಮೊದಲ ಹಂತದಲ್ಲಿ ಸಿಗೋದು ಕಷ್ಟ ಅಂತ ಹೇಳೋದು ಇದಕ್ಕೇ.

ಇದನ್ನ ಬೆಳೆಗಾರರಿಗೆ ಹೇಳೋಕೆ ನಾನು ಬೋರರ್ ಹುಳದ ಉದಾಹರಣೆ ಕೊಡ್ತೀನಿ. ಅರೇಬಿಕಾ ಗಿಡ ಹೊರಗಿಂದ ಹಸಿರಾಗೇ ಇರುತ್ತೆ, ಒಳಗೆ ಕಾಂಡಕೊರಕ ಸುರಂಗ ತೋಡಿರುತ್ತೆ, ಅದಕ್ಕೇ ನಾವು ವರ್ಷಕ್ಕೆ ಎರಡು ಸಲ ಗಿಡ ಗಿಡ ನೋಡಿ ಟ್ರೇಸಿಂಗ್ ಮಾಡಿಸ್ತೀವಿ, ಎಲೆ ಹಳದಿ ಆಗೋವರೆಗೆ ಕಾಯಲ್ಲ. ಸೋಮವಾರಪೇಟೆ, ಮಾದಾಪುರ ಕಡೆ ಇದನ್ನ ಹೇಳಿದ ತಕ್ಷಣ ತಲೆ ಆಡಿಸ್ತಾರೆ. ವಿರಾಜಪೇಟೆ, ಗೋಣಿಕೊಪ್ಪ ಕಡೆ ಹೆಚ್ಚಾಗಿ ರೋಬಸ್ಟಾ, ಅದಕ್ಕೆ ಈ ಹುಳದ ಕಾಟ ಕಡಿಮೆ, ಅಲ್ಲಿ ಒಳ್ಳೆಮೆಣಸಿನ ಸೊರಗು ರೋಗ ಹೇಳಿ, ಎಲೆ ಬಾಡೋ ಹೊತ್ತಿಗೆ ಬೇರು ಕೊಳೆತಿರುತ್ತೆ ಅಂತ. ಒಂದು ಎಚ್ಚರಿಕೆ ಮಾತ್ರ ತಪ್ಪದೆ ಸೇರಿಸಿ, ಬೋರರ್ ಸಿಕ್ಕ ಗಿಡ ಕಿತ್ತು ಸುಡ್ತೀವಿ, ಇಲ್ಲಿ ಹಾಗಲ್ಲ. ಪ್ರಾಸ್ಟೇಟ್ ಕ್ಯಾನ್ಸರಲ್ಲಿ ತುಂಬಾ ನಿಧಾನಕ್ಕೆ ಬೆಳೆಯೋವು ಬೇಕಾದಷ್ಟು ಇವೆ, ಅಂಥದ್ದಕ್ಕೆ ಆಪರೇಷನ್ ಮಾಡದೆ ಕಾಲಕಾಲಕ್ಕೆ ಟೆಸ್ಟ್ ಮಾಡ್ತಾ ನಿಗಾ ಇಟ್ಟು ನೋಡೋದೂ ಒಂದು ಚಿಕಿತ್ಸೆಯೇ.

ಇನ್ನು ನಾಚಿಕೆ. ಇದೇ ದೊಡ್ಡ ಗೋಡೆ. ಹಾರ್ಟಿನ ಬಗ್ಗೆ ಮಾತಾಡೋ ಗಂಡಸು ಸೊಂಟದಿಂದ ಕೆಳಗಿನ ವಿಷಯ ಅಂದ್ರೆ ಎದ್ದು ಹೊರಗೆ ಹೋಗ್ತಾನೆ. ಇದಕ್ಕೆ ನಮಗೆ ಕೊಡಗಲ್ಲೇ ಒಂದು ದಾರಿ ಸಿಕ್ತು, ಕಕ್ಕಡ ಹದಿನೆಂಟು, ಅಂದ್ರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು ಮಾರನೇ ಬೆಳಿಗ್ಗೆ ಎಲ್ಲರಿಗೂ ಉಚ್ಚೆ ಕೆಂಪಗೆ ಹೋಗುತ್ತೆ, ಆ ಒಂದು ದಿನ ಅಜ್ಜಂದಿರಿಂದ ಹಿಡಿದು ಮೊಮ್ಮಕ್ಕಳವರೆಗೆ ನಿಂದು ಬಣ್ಣ ಬಂತಾ ಅಂತ ನಾಚಿಕೆ ಇಲ್ದೆ ಕೇಳ್ತಾರೆ. ನಾವು ಮಾತು ಅಲ್ಲಿಂದಲೇ ಎತ್ತೋದು. ಪಾಯಸ ತಿಂದ ಮಾರನೇ ದಿನ ಕೆಂಪಾದ್ರೆ ಮದ್ದು ಹಿಡೀತು ಅಂತ ಖುಷಿ ಪಡಿ, ಆದ್ರೆ ಪಾಯಸ ಇಲ್ದೆ ಬೇರೆ ಯಾವ ದಿನ ಕೆಂಪಾದ್ರೂ, ಒಂದೇ ಸಲ ಆಗಿ ನಿಂತೋದ್ರೂ, ಡಾಕ್ಟರಿಗೆ ತೋರಿಸ್ಲೇಬೇಕು. ಅದು ಕಲ್ಲಿರ್ಬಹುದು, ಮೂತ್ರಚೀಲದ್ದಿರ್ಬಹುದು, ಪ್ರಾಸ್ಟೇಟಿರ್ಬಹುದು. ಇಷ್ಟು ಹೇಳೋಷ್ಟರಲ್ಲಿ ಸಭೆ ಸಡಿಲ ಆಗಿರುತ್ತೆ, ಮುಂದಿನದ್ದು ಸುಲಭ.

ಹಾಗೇ ಕಡಿಮೆ ಆಗದ ಬೆನ್ನು ಅಥವಾ ಸೊಂಟದ ಮೂಳೆ ನೋವು, ಕಾರಣ ಇಲ್ದೆ ತೂಕ ಇಳಿಯೋದು, ಇವನ್ನೂ ಹೇಳಿ. ಕಾಲಲ್ಲಿ ಇದ್ದಕ್ಕಿದ್ದಂಗೆ ಶಕ್ತಿ ಹೋದ್ರೆ, ಜೋಮು ಹಿಡಿದ್ರೆ, ಮೂತ್ರ ಕಟ್ಟಿದ್ರೆ ಅದು ನಾಳೆಗೆ ಇಡೋ ವಿಷಯ ಅಲ್ಲ, ಅದೇ ರಾತ್ರಿ ಜೀಪ್ ಮಾಡಿಸ್ಕೊಂಡು ಆಸ್ಪತ್ರೆಗೆ.

ಮಾತಾಡೋಕೆ ಡಾಕ್ಟರ್ ಒಬ್ಬರೇ ಸಾಕಾಗಲ್ಲ. ಊರಲ್ಲಿ ಚಿಕಿತ್ಸೆ ಆಗಿ ಓಡಾಡ್ತಾ ಇರೋರು ಯಾರಾದ್ರೂ ಒಪ್ಪಿದ್ರೆ ಅವರನ್ನ ಕರೀರಿ, ಒತ್ತಾಯ ಮಾತ್ರ ಮಾಡ್ಬೇಡಿ. ಒಕ್ಕದ (ಕೊಡವ ಕುಟುಂಬದ) ಕೂಟ ಆದ್ರೆ ಕೊಡವ ತಕ್ಕಲ್ಲಿ, ಭಾಗಮಂಡಲ ಕಡೆ ಅರೆಭಾಷೆಯಲ್ಲಿ, ಸಿದ್ದಾಪುರದಲ್ಲಿ ಮಲಯಾಳ ಗೊತ್ತಿರೋರು ಒಬ್ಬರು ಇರ್ಲಿ. ಮನೆ ಭಾಷೆಯಲ್ಲಿ ಹೇಳಿದ್ರೆ ಪ್ರಶ್ನೆ ಜಾಸ್ತಿ ಬರುತ್ತೆ, ಇದು ನಾನು ಕಣ್ಣಾರೆ ನೋಡಿದ್ದು.

ಟೆಸ್ಟ್ ಬಗ್ಗೆ ಹೇಳುವಾಗ ಪೂರ್ತಿ ಹೇಳಿ

ಪಿಎಸ್‌ಎ ಅಂದ್ರೆ ಕೈಯಿಂದ ರಕ್ತ ತೆಗೆದು ಮಾಡೋ ಟೆಸ್ಟ್, ಖಾಲಿ ಹೊಟ್ಟೆ ಬೇಕಾಗಿಲ್ಲ. ಗುದದ್ವಾರಕ್ಕೆ ಬೆರಳು ಹಾಕಿ ನೋಡ್ತಾರಂತೆ ಅಂತ ಹೆದರಿ ಬರದೆ ಇರೋರು ತುಂಬಾ ಜನ, ಅವರಿಗೆ ಮೊದಲು ರಕ್ತ ಮಾತ್ರ ಅಂತ ಹೇಳಿ, ಆ ಪರೀಕ್ಷೆ ಬೇಕಾದ್ರೂ ಒಂದು ನಿಮಿಷದ ಕೆಲಸ.

ಆದ್ರೆ ಎಲ್ಲರೂ ಮಾಡಿಸ್ಲೇಬೇಕು ಅಂತ ಮೈಕಲ್ಲಿ ಕೂಗ್ಬೇಡಿ. ನಾನು ಮೊದಲು ಕೂಗಿದವನೇ, ಈಗ ಹಾಗೆ ಹೇಳಲ್ಲ. ಯುರೋಪಿನ ಹಲವು ದೇಶಗಳಲ್ಲಿ 55ರಿಂದ 69 ವಯಸ್ಸಿನ 1.6 ಲಕ್ಷಕ್ಕೂ ಹೆಚ್ಚು ಗಂಡಸರನ್ನ 23 ವರ್ಷ ಹಿಂಬಾಲಿಸಿದ ಅಧ್ಯಯನ ಇದೆ, ಪಿಎಸ್‌ಎ ತಪಾಸಣೆಗೆ ಕರೆದ ಗುಂಪಲ್ಲಿ ಈ ಕ್ಯಾನ್ಸರಿಂದ ಸತ್ತವರು ಶೇಕಡಾ 13ರಷ್ಟು ಕಡಿಮೆ, ಅಂದ್ರೆ 456 ಜನರನ್ನ ಕರೆದ್ರೆ ಒಂದು ಸಾವು ತಪ್ಪಿತು. ಒಂದು ಜೀವ ಅಂದ್ರೆ ಒಂದು ಮನೆ, ಅದು ಸಣ್ಣದಲ್ಲ. ಆದ್ರೆ ಆ ದಾರಿಯಲ್ಲಿ ಯಾವತ್ತೂ ತೊಂದರೆ ಕೊಡದೆ ಇರ್ತಿದ್ದ ಕ್ಯಾನ್ಸರ್ ಕೂಡ ಕೆಲವರಲ್ಲಿ ಸಿಗುತ್ತೆ, ಅದಕ್ಕೆ ಆಪರೇಷನ್ ರೇಡಿಯೇಷನ್ ಮಾಡಿಸ್ಕೊಂಡ್ರೆ ಮೂತ್ರ ತಡೆಯೋಕೆ ಆಗದೆ ಇರೋದು, ಗಂಡ ಹೆಂಡತಿ ಸಂಬಂಧಕ್ಕೆ ತೊಂದರೆ ಆಗೋದು ಇದೆ. ಟೆಸ್ಟಿಂದಲೇ ಗಂಡಸುತನ ಹೋಗುತ್ತೆ ಅನ್ನೋದು ಸುಳ್ಳು, ಚಿಕಿತ್ಸೆಯಿಂದ ಕೆಲವರಿಗೆ ಆಗೋದು ನಿಜ, ಎರಡನ್ನೂ ಬಿಡಿಸಿ ಹೇಳಿ. ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದ್ದೂ ಇದನ್ನೇ, 55ರಿಂದ 69ರವರು ಡಾಕ್ಟರ್ ಹತ್ರ ಲಾಭ ನಷ್ಟ ಮಾತಾಡಿ ತಾವೇ ತೀರ್ಮಾನ ಮಾಡ್ಲಿ, 70 ದಾಟಿದವರಿಗೆ ಸುಮ್ನೆ ತಪಾಸಣೆ ಅಂತ ಮಾಡೋದು ಬೇಡ ಅಂತ. ತೊಂದರೆ ಇದ್ದು ಹೋಗೋರಿಗೆ ಈ ಲೆಕ್ಕ ಅನ್ವಯಿಸಲ್ಲ, ಅವರು ಎಷ್ಟು ವಯಸ್ಸಾಗಿದ್ರೂ ತೋರಿಸ್ಬೇಕು.

ನಾವು ಊರಲ್ಲಿ ಹೇಳೋದು ಹೀಗೆ: 50 ಆಯ್ತಾ, ಡಾಕ್ಟರ್ ಹತ್ರ ಈ ಮಾತು ಎತ್ತಿ. ಅಪ್ಪಂಗೋ ಅಣ್ಣ ತಮ್ಮಂಗೋ ಬಂದಿದ್ರೆ ನಿಮಗೆ ಬರೋ ಸಾಧ್ಯತೆ ಹೆಚ್ಚುಕಮ್ಮಿ ಎರಡರಷ್ಟು, 45ಕ್ಕೇ ಎತ್ತಿ, ಮನೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ರೆ 40ಕ್ಕೆ. ತಾಯಿ ಕಡೆ ಸ್ತನ, ಅಂಡಾಶಯದ ಕ್ಯಾನ್ಸರ್ ಇದ್ರೆ ಅದನ್ನೂ ಹೇಳ್ಬೇಕು, ಬಿಆರ್‌ಸಿಎ2 ಅನ್ನೋ ಜೀನ್ ದೋಷ ಹೆಂಗಸರಿಗೆ ಅದನ್ನೂ ಗಂಡಸರಿಗೆ ಇದನ್ನೂ ತರ್ಬಹುದು. ಇಲ್ಲಿ ಒಂದು ಅನುಕೂಲ ಇದೆ ನಮಗೆ, ಐನ್‌ಮನೆ (ಕುಟುಂಬದ ಮೂಲ ಮನೆ) ಇರೋ ಒಕ್ಕದಲ್ಲಿ ನಾಲ್ಕು ತಲೆಮಾರಿನ ಹೆಸರು ಬಾಯಲ್ಲೇ ಇರುತ್ತೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿದಾಗ ಯಾರು ಯಾವ ಕಾಯಿಲೆಯಲ್ಲಿ ಹೋದ್ರು ಅಂತ ಹಿರಿಯರನ್ನ ಕೇಳಿ ಬರ್ಕೊಳ್ಳಿ, "ಸೊಂಟ ಹಿಡಿದು ಮಲಗಿ ಹೋದ್ರು" ಅಂತ ಹೇಳೋ ಅಜ್ಜಂದಿರ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿ.

ರಕ್ತ ಕೊಡೋ ಮೊದಲು ಎರಡು ದಿನ ಗಂಡ ಹೆಂಡತಿ ಸೇರೋದು ಬೇಡ, ಜೋರಾಗಿ ಸೈಕಲ್ ತುಳಿಯೋದೂ ಬೇಡ. ಉರಿಮೂತ್ರ, ಜ್ವರ ಇದ್ರೆ, ಇತ್ತೀಚೆಗೆ ಮೂತ್ರಕ್ಕೆ ಪೈಪ್ ಹಾಕಿದ್ರೆ ಕೆಲವು ವಾರ ಬಿಟ್ಟು ಮಾಡಿಸ್ಬೇಕು, ಇಲ್ಲಾಂದ್ರೆ ಸುಳ್ಳೇ ಜಾಸ್ತಿ ತೋರಿಸುತ್ತೆ. ಪ್ರಾಸ್ಟೇಟ್ ದಪ್ಪಕ್ಕೆ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ತಗೊಳ್ಳೋರು ಮಾತ್ರೆ ಚೀಟಿ ತೋರಿಸ್ಲೇಬೇಕು, ಆ ಮಾತ್ರೆ ಪಿಎಸ್‌ಎಯನ್ನ ಅರ್ಧಕ್ಕೆ ಇಳಿಸಿಬಿಡುತ್ತೆ, ರಿಪೋರ್ಟ್ ನಾರ್ಮಲ್ ಅಂತ ಮೋಸ ಹೋಗ್ಬಹುದು. ನಮ್ಮ ಮೊದಲ ಕ್ಯಾಂಪಲ್ಲಿ ಇದನ್ನ ಒಬ್ಬರನ್ನೂ ಕೇಳಿರ್ಲಿಲ್ಲ.

ಪಿಎಸ್‌ಎ 4ಕ್ಕಿಂತ ಜಾಸ್ತಿ ಅಂದ್ರೆ ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಹಾಕ್ತಾರೆ, ಅದನ್ನ ನೋಡಿ ಮನೆಯವರು ಅಳೋಕೆ ಶುರು ಮಾಡ್ತಾರೆ. 4ರಿಂದ 10ರ ಒಳಗೆ ಇರೋ ನಾಲ್ಕು ಜನರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರಲ್ಲ ಅಂತ ಸಭೆಯಲ್ಲೇ ಹೇಳಿಬಿಡಿ. ಹಾಗೇ 4ಕ್ಕಿಂತ ಕಡಿಮೆ ಇದ್ರೂ ಕೆಲವರಲ್ಲಿ ಇರ್ಬಹುದು. ಸಾಮಾನ್ಯವಾಗಿ ಮೊದಲು ಇನ್ನೊಂದು ಸಲ ರಕ್ತ ನೋಡ್ತಾರೆ, ಆಮೇಲೆ ಎಂಆರ್‌ಐ, ಬೇಕಿದ್ರೆ ಮಾತ್ರ ಸೂಜಿ ಹಾಕಿ ಬಯಾಪ್ಸಿ.

ಯಾವಾಗ, ಎಲ್ಲಿ

ನವೆಂಬರಿಂದ ಮಾರ್ಚ್‌ವರೆಗೆ ಅರೇಬಿಕಾ, ರೋಬಸ್ಟಾ, ಮೆಣಸು ಅಂತ ಕುಯ್ಲು, ದೇವರು ಕರೆದ್ರೂ ಬರಲ್ಲ ಜನ. ಜೂನ್ ಜುಲೈ ಮಳೆ, ಕರೆಂಟಿಲ್ಲ, ಮರ ಬಿದ್ದಿರುತ್ತೆ, ರಕ್ತದ ಸ್ಯಾಂಪಲ್ ಟೈಮಿಗೆ ಲ್ಯಾಬ್ ತಲುಪಲ್ಲ. ನಮಗೆ ಸರಿ ಹೋಗಿದ್ದು ಆಗಸ್ಟಲ್ಲಿ ಕಕ್ಕಡದ ಹೊತ್ತಿಗೆ ಮಾತು ಶುರು ಮಾಡಿ, ಸೆಪ್ಟೆಂಬರ್ 3ರ ಕೈಲ್‌ಪೊಳ್ದು ಹಬ್ಬದ ಆಟೋಟಕ್ಕೆ ಊರವರು ಸೇರಿದಾಗ ಹತ್ತು ನಿಮಿಷ ಮಾತಾಡಿ, ಸೆಪ್ಟೆಂಬರ್ ಅಕ್ಟೋಬರಲ್ಲಿ ಟೆಸ್ಟ್. ಸೆಪ್ಟೆಂಬರ್ ಹೇಗೂ ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿ ತಿಂಗಳು, ಡಾಕ್ಟರುಗಳು ಬರೋಕೂ ಒಪ್ತಾರೆ. ಕುಯ್ಲಿನ ಮೊದಲು ಮೈಸೂರಿಗೆ ಹೋಗಿ ಬರೋಕೆ ಟೈಮೂ ಸಿಗುತ್ತೆ. ಬೇಸಿಗೆಯಲ್ಲಿ ಹಾಕಿ ಟೂರ್ನಮೆಂಟಿದೆ, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಗೆ ಸೇರೋ ಜನ ಎಷ್ಟು ಅಂತ ಎಲ್ಲರಿಗೂ ಗೊತ್ತು, ಆದ್ರೆ ಅಲ್ಲಿ ಭಾಷಣ ಬೇಡ, ಮ್ಯಾಚ್ ನೋಡೋಕೆ ಬಂದಿರ್ತಾರೆ, ಕೈಗೆ ಒಂದು ಚೀಟಿ ಕೊಟ್ರೆ ಸಾಕು.

ಲೈನ್ ಮನೆಯವರನ್ನ, ಅಂದ್ರೆ ತೋಟದ ಕಾರ್ಮಿಕರನ್ನ, ಮರೀಬೇಡಿ. ತೋಟದ ಮಾಲೀಕರ ಮುಂದೆ ಮೀಟಿಂಗ್ ಮಾಡಿದ್ರೆ ಕಾರ್ಮಿಕರು ಬಾಯಿ ಬಿಡಲ್ಲ, ಕಾಯಿಲೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ ಅನ್ನೋ ಭಯ. ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ಹತ್ರ ಹೇಳಿ ಸಂಜೆ ಕೆಲಸ ಮುಗಿದ ಮೇಲೆ ಲೈನ್ ಹತ್ರವೇ ಹೋಗಿ, ಇಲ್ಲಾ ಗೋಣಿಕೊಪ್ಪದ ಭಾನುವಾರದ ಸಂತೆ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೋದು ಅವರಿಗೆ ಎಷ್ಟು ಕಷ್ಟ ಅಂದ್ರೆ ಆ ದಿನದ ಕೂಲಿ ಕೊಟ್ಟು ಕಳಿಸೋಕೆ ತೋಟದವರನ್ನ ಒಪ್ಪಿಸೋದು ನಿಮ್ಮ ಕೆಲಸದ ಭಾಗ ಅಂತಲೇ ಇಟ್ಕೊಳ್ಳಿ. ಆದಿವಾಸಿಗಳ ಹಾಡಿಗಳಿಗೆ ಹೋಗೋದಾದ್ರೆ ಅಲ್ಲಿಯ ಆಶಾ ಜೊತೆಗೇ ಹೋಗಿ.

ಹೆಂಗಸರ ಸಂಘದ ಮೀಟಿಂಗಲ್ಲಿ ಕೂಡ ಹತ್ತು ನಿಮಿಷ ಕೇಳಿ ತಗೊಳ್ಳಿ. ಗಂಡ ರಾತ್ರಿ ಎಷ್ಟು ಸಲ ಎದ್ದೇಳ್ತಾನೆ ಅಂತ ಗಂಡನಿಗಿಂತ ಹೆಂಡ್ತಿಗೇ ಚೆನ್ನಾಗಿ ಗೊತ್ತು. ನಮ್ಮಲ್ಲಿ ಟೆಸ್ಟಿಗೆ ಬಂದವರಲ್ಲಿ ಎಷ್ಟೋ ಜನರನ್ನ ಕರ್ಕೊಂಡು ಬಂದಿದ್ದು ಹೆಂಡ್ತಿ, ಇಲ್ಲಾ ಬೆಂಗಳೂರಲ್ಲಿರೋ ಮಗಳು ಫೋನ್ ಮೇಲೆ ಫೋನ್ ಮಾಡಿ ಕಳಿಸಿದ್ದು.

ರಿಪೋರ್ಟ್ ಬಂದ ಮೇಲೆ

ರಿಪೋರ್ಟ್ ಕವರಲ್ಲಿ ಮುಚ್ಚಿ ಅವರ ಕೈಗೇ ಕೊಡಿ. ವಾಟ್ಸಾಪ್ ಗ್ರೂಪಿಗೆ ಹಾಕೋದು, ಮೈಕಲ್ಲಿ ಹೆಸರು ಕರೆದು ಇವರು ಡಾಕ್ಟರನ್ನ ನೋಡಿ ಹೋಗ್ಬೇಕು ಅನ್ನೋದು ಮಾಡ್ಬೇಡಿ. ಸಣ್ಣ ಊರು, ಸಂಜೆ ಒಳಗೆ ಮಗಳ ಸಂಬಂಧ ನೋಡೋಕೆ ಬರೋರ ತನಕ ಸುದ್ದಿ ಹೋಗಿರುತ್ತೆ. ಇದು ನಮ್ಮಲ್ಲಿ ಆಗಿದೆ, ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೀನಿ.

ಜಾಸ್ತಿ ಬಂದವರಿಗೆ ಬಸ್ ಟೈಮ್ ಸಮೇತ ಬರೆದಿಟ್ಟ ಆ ಹಾಳೆ ಕೊಟ್ಟು, ಜೊತೆಗೆ ಯಾರು ಹೋಗ್ತಾರೆ ಅಂತ ಅಲ್ಲೇ ತೀರ್ಮಾನ ಮಾಡಿ. ಕ್ಯಾಲೆಂಡರ್ ಹಿಂದೆ ರಿಪೋರ್ಟ್ ಇಟ್ಟಿದ್ದೋರನ್ನ ಕೊನೆಗೆ ನಾನೇ ಕರ್ಕೊಂಡು ಹೋಗಿದ್ದು, ಕ್ಯಾನ್ಸರ್ ಇತ್ತು, ಗ್ರಂಥಿ ದಾಟಿರ್ಲಿಲ್ಲ, ಈಗ ಚಿಕಿತ್ಸೆ ಆಗಿ ತೋಟದಲ್ಲಿದ್ದಾರೆ. ಮೊದಲ ವಾರವೇ ಜೊತೆಗೆ ಒಬ್ಬರು ಸಿಕ್ಕಿದ್ರೆ ಮೊದಲ ವಾರವೇ ಬರ್ತಿದ್ರಂತೆ, ಅವರೇ ಹೇಳಿದ್ರು.

ಸರಿ ಬಂದವರಿಗೆ ಮುಂದಿನ ಟೆಸ್ಟ್ ಎಷ್ಟು ವರ್ಷಕ್ಕೆ ಅಂತ ಡಾಕ್ಟರ್ ಹೇಳಿದ್ದನ್ನ ರಿಪೋರ್ಟ್ ಮೇಲೇ ಬರೆಸಿ. ಒಂದು ನೋಟ್‌ಬುಕ್ ಇಡಿ, ಅದ್ರಲ್ಲಿ ಪಿಎಸ್‌ಎ ನಂಬರು, ಕಾಯಿಲೆ ಏನೂ ಬೇಡ, ಹೆಸರು ಮತ್ತೆ ಯಾವ ತಾರೀಖು ಫೋನ್ ಮಾಡ್ಬೇಕು ಅಷ್ಟೇ. ಆ ಬುಕ್ ಒಬ್ಬರ ಹತ್ರ ಮಾತ್ರ ಇರ್ಲಿ. ಕುಯ್ಲು ಶುರುವಾದ ಮೇಲೂ ಫೋನ್ ಬಿಡ್ಬೇಡಿ, ರಾತ್ರಿ ಎಂಟರ ಮೇಲೆ ಮಾಡಿ, ಅಷ್ಟೊತ್ತಿಗೆ ಹಣ್ಣು ಅಳೆದು ಕಣದ ಕೆಲಸ ಮುಗಿಸಿ ಒಳಗೆ ಬಂದಿರ್ತಾರೆ.